ಯುಜಿಸಿ ಕೇರ್ ಜರ್ನಲ್ ಅಂತ ಮೆಸೇಜ್ ಬಂದ್ರ ಪೇಪರ್ ಕಳಸೂಕಿಂತ ಮೊದ್ಲ ಇದನ್ನ ಓದ್ರಿ

ಧಾರವಾಡದಾಗ ಅರ್ಥಶಾಸ್ತ್ರದಾಗ ಪಿಎಚ್‌ಡಿ ಮಾಡಾಕತ್ತೀನಿ, ವಿಷಯ ಬ್ಯಾಡಗಿ ಮೆಣಸಿನಕಾಯಿ ಮಾರಾಟ. ಎರಡು ಸೀಸನ್ ಬಸ್ಸಿನ್ಯಾಗ ಬ್ಯಾಡಗಿ ಎಪಿಎಂಸಿಗೆ ಓಡಾಡಿ, ಘಾಟಿಗೆ ಕೆಮ್ಮಿಕೋತ, ಚೀಲದ ಮ್ಯಾಲ ಕುಂತು 140 ಮಂದಿ ರೈತರನ್ನ ಮಾತಾಡಿಸಿ ಒಂದು ಪೇಪರ್ ಬರದಿದ್ದೆ. ಅದನ್ನ ಕೈಯಾರೆ ಕಳಕೊಂಡೆ. 3,200 ರೂಪಾಯಿ ಹೋತು, ಅದು ಹೋಗ್ಲಿ, ಪೇಪರ್ ಹೋತಲ್ಲ, ಅದ ಸಂಕಟ.

2024ರ ಜುಲೈದಾಗ ನಮ್ಮ ಸ್ಕಾಲರ್ಸ್ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು, ಯುಜಿಸಿ ಕೇರ್ ಲಿಸ್ಟೆಡ್, ಓಪನ್ ಆ್ಯಕ್ಸೆಸ್, ಐದು ದಿನದಾಗ ಪಬ್ಲಿಕೇಶನ್, ಸರ್ಟಿಫಿಕೇಟ್ ಫ್ರೀ ಅಂತ. ಕೇರ್ ಅಂದ್ರ ಒಳ್ಳೆ ಜರ್ನಲ್ ಇವು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ್ದ ಪಟ್ಟಿ, ಓಪನ್ ಆ್ಯಕ್ಸೆಸ್ ಅಂದ್ರ ಯಾರು ಬೇಕಾದ್ರೂ ಪುಕ್ಕಟೆ ಓದೂವಂಥಾದ್ದು. ನಾನೇನು ಕಣ್ಣು ಮುಚ್ಚಿ ಕಳಿಸ್ಲಿಲ್ಲ, ಲಿಸ್ಟ್ ತಗದು ನೋಡಿದೆ, ಜರ್ನಲ್ ಹೆಸರು ಇತ್ತು, ಐಎಸ್‌ಎಸ್‌ಎನ್ ಅನ್ನೂ ಜರ್ನಲ್ ಗುರುತಿನ ನಂಬರ್ ಸುದ್ದಾ ತಾಳೆ ಆತು. ಆದ್ರ ವೆಬ್‌ಸೈಟ್ ಲಿಂಕ್ ಮಾತ್ರ ಆ ಮೆಸೇಜ್‌ದಾಗಿಂದನ ಒತ್ತಿದೆ. ತಪ್ಪಿದ್ದು ಅಲ್ಲೇ. ರಾತ್ರಿ ಕಳಿಸಿದ್ರ ಮುಂಜಾನೆ ಆ್ಯಕ್ಸೆಪ್ಟ್ ಆಗಿತ್ತು. ಫೋನ್‌ಪೇ ಮಾಡೂವಾಗ ಸ್ಕ್ರೀನ್ ಮ್ಯಾಲ ಯಾರದೋ ಒಬ್ಬರ ಸ್ವಂತ ಹೆಸರು ಬಂತು, ಮನಸ್ಸಿಗೆ ಚುಚ್ಚಿತು, ಆದ್ರೂ ಒತ್ತಿಬಿಟ್ಟೆ.

ಪಿಡಿಎಫ್ ಬಂದ ಮ್ಯಾಲ ತಗದು ನೋಡಿದ್ರ 'ಬ್ಯಾಡಗಿ ಚಿಲ್ಲಿ' ಅನ್ನೂದು ಸ್ಪೆಲ್‌ಚೆಕ್‌ದಾಗ ಬಿದ್ದು ಟೈಟಲ್‌ನಿಂದ ಹಿಡದು ಕಡೇತನಕಾ 'ಬ್ಯಾಡ್ಲಿ ಚಿಲ್ಲಿ' ಆಗೈತಿ. ಒಬ್ಬರೂ ಓದಿಲ್ಲ ಅನ್ನೂದಕ್ಕ ಇನ್ನೇನು ಸಾಕ್ಷಿ ಬೇಕು. ಅದ ಸಂಚಿಕೆದಾಗ ಕಾಂಕ್ರೀಟ್ ಮ್ಯಾಲ ಒಂದು ಪೇಪರ್, ಮೀನು ಸಾಕಣಿ ಮ್ಯಾಲ ಒಂದು, ವಚನದ ಮ್ಯಾಲ ಒಂದು. ಜರ್ನಲ್ ಹೆಸರು ನೋಡಿದ್ರ ಅರ್ಥಶಾಸ್ತ್ರದ್ದು!

ಪ್ರೋಗ್ರೆಸ್ ರಿವ್ಯೂದಾಗ ಒಬ್ಬ ಮೇಡಂ ಲಿಂಕ್ ಕೇಳಿದ್ರು, ಐದ ನಿಮಿಷದಾಗ ಗೊತ್ತಾತು. ಅಸಲಿ ಜರ್ನಲ್ ಬರೇ ಪ್ರಿಂಟಿನ್ಯಾಗ ಬರತೈತಿ, ಅದರ ಹೆಸರು, ನಂಬರ್ ಎರಡೂ ಕದ್ದು ಯಾರೋ ಸೈಟ್ ಮಾಡ್ಯಾರ. ಇದಕ್ಕ ಕ್ಲೋನ್ ಜರ್ನಲ್ ಅಂತಾರ. ವಾಪಸ್ ತಗೀರಿ ಅಂತ ಮೇಲ್ ಮಾಡಿದ್ರ ವಿತ್‌ಡ್ರಾವಲ್ ಫೀ 8,000 ಕೇಳಿದ್ರು. ಕೊಡ್ಲಿಲ್ಲ. ಬ್ಯಾರೆ ಒಳ್ಳೆ ಜರ್ನಲ್‌ಗೆ ಕಳಿಸಿದೆ, ಸಿಮಿಲ್ಯಾರಿಟಿ (ಮೊದಲ ಪ್ರಕಟ ಆದ ಬರಹದ ಜೋಡಿ ಹೋಲಿಕಿ) 91 ಪರ್ಸೆಂಟ್ ಬಂತು, ಮೊದಲೇ ಪ್ರಕಟ ಆಗೈತಿ ಅಂತ ಸಂಪಾದಕರು ಅವತ್ತ ತಿರಸ್ಕರಿಸಿದ್ರು. ನನ್ನ ಬರಹನ ನನಗ ಅಡ್ಡ ನಿಂತೈತಿ.

ಈಗ ಕೇಳ್ರಿ, ಆ ಕೇರ್ ಲಿಸ್ಟ್‌ನ ಯುಜಿಸಿ 2025ರ ಫೆಬ್ರವರಿದಾಗ ನಿಲ್ಲಿಸೈತಿ. ಇನ್ನೂ 'ಕೇರ್ ಅಪ್ರೂವ್ಡ್' ಅಂತ ರೊಕ್ಕ ಕೇಳೋರನ್ನ ನಂಬಬ್ಯಾಡ್ರಿ. 2022ರ ಪಿಎಚ್‌ಡಿ ನಿಯಮದಾಗ ಥೀಸಿಸ್ ಕೊಡೂಕ ಪೇಪರ್ ಕಡ್ಡಾಯ ಅನ್ನೂದನ್ನೂ ಯುಜಿಸಿ ತಗದೈತಿ, ನಿಮ್ಮ ಯುನಿವರ್ಸಿಟಿ ನಿಯಮ ಏನೈತಿ ಅಂತ ಒಮ್ಮೆ ಆಫೀಸಿನ್ಯಾಗ ಕೇಳ್ರಿ, ಗಡಿಬಿಡಿ ಮಾಡ್ಕೊಂಡ್ರನ ಇವರ ಬಲಿಗೆ ಬೀಳೂದು. ಐಎಸ್‌ಎಸ್‌ಎನ್ ಪೋರ್ಟಲ್‌ನ್ಯಾಗ ಆ 8 ಅಂಕಿ ಹಾಕಿದ್ರ ಜರ್ನಲ್ ಪ್ರಿಂಟೋ ಆನ್‌ಲೈನೋ ಅಂತ ಪುಕ್ಕಟೆ ತೋರಸತೈತಿ, ನಾನು ಅಷ್ಟು ನೋಡಿದ್ರ ಸಾಕಿತ್ತು. ನಂಬರ್ ಐತಿ ಅಂದ ಕೂಡ್ಲೆ ಜರ್ನಲ್ ಚೊಲೋ ಅಂತ ಅಲ್ಲ, ಅದು ಗುರುತಿನ ನಂಬರ್ ಅಷ್ಟ. ಆ ಜರ್ನಲ್‌ದಾಗ ಬಂದ ಹಳೇ ಪೇಪರಿನ ಡಿಓಐ (ಪೇಪರಿಗೆ ಕೊಡೂ ಕಾಯಂ ಲಿಂಕ್) ತಗೊಂಡು ಒತ್ತಿ ನೋಡ್ರಿ, ಎಲ್ಲಿಗೆ ಹೋಗತೈತಿ ಅಂತ.

ಇದೆಲ್ಲಾ ಆದ ಮ್ಯಾಲ ನಮ್ಮ ಡಿಪಾರ್ಟ್‌ಮೆಂಟಿನ್ಯಾಗ ಓಪನ್ ಆ್ಯಕ್ಸೆಸ್ ಅಂದ್ರನ ಮೋಸ ಅನ್ನೂ ಮಾತು ಶುರು ಆಗೈತಿ. ಅದನ್ನ ನಾ ಒಪ್ಪೂದಿಲ್ಲ. ಡಿಓಎಜೆ ಅನ್ನೂ ಸೂಚಿ 2003ರಿಂದ ಐತಿ, ಅದರಾಗ ಪರೀಕ್ಷೆ ಮಾಡಿ ಸೇರಿಸಿದ 20 ಸಾವಿರಕ್ಕೂ ಹೆಚ್ಚು ಓಪನ್ ಆ್ಯಕ್ಸೆಸ್ ಜರ್ನಲ್ ಅದಾವು, ಅರ್ಧಕ್ಕಿಂತ ಹೆಚ್ಚಿನವು ಲೇಖಕರ ಕಡೆ ಒಂದು ಪೈಸಾ ತಗೊಳ್ಳೂದಿಲ್ಲ. ಫೀ ಇಲ್ಲದ್ದು ಅಂತನ ಫಿಲ್ಟರ್ ಹಾಕಿ ಹುಡಕಬಹುದು. ಅಲ್ಲಿಂದನ ಸೈಟಿಗೆ ಹೋಗ್ರಿ, ಗ್ರೂಪಿನ ಲಿಂಕ್‌ನಿಂದ ಬ್ಯಾಡ. ರೈತರ ಕಡೆಯಿಂದ ತಗೊಂಡ ಮಾಹಿತಿ ರೈತರ ಮಕ್ಕಳು ಮೊಬೈಲ್‌ನ್ಯಾಗ ರೊಕ್ಕ ಕೊಡದ ಓದುವಂಗ ಇರಬೇಕು ಅಂತನ ನಾನೂ ಓಪನ್ ಆ್ಯಕ್ಸೆಸ್ ಹುಡುಕಿದ್ದೆ.

ಹೊಸ ಡೇಟಾ ಬೇಕಂತ ಮತ್ತ ಬ್ಯಾಡಗಿಗೆ ಹೋಗಾಕತ್ತೀನಿ. ಹೋದ ಸೋಮವಾರ ಹಳೇ ಪರಿಚಯದ ರೈತರೊಬ್ಬರು ಗುರ್ತು ಹಿಡದು, "ಏನವಾ, ನಮ್ದು ಬರಕೊಂಡು ಹೋಗಿದ್ದೆಲ್ಲ, ಎಲ್ಲಿ ಬಂತು, ತೋರ್ಸು" ಅಂದ್ರು. ಆ ಲಿಂಕ್ ಫೋನಿನ್ಯಾಗ ಇತ್ತು. ತೋರಸೂಕ ಮನಸ್ಸಾಗ್ಲಿಲ್ಲ.