ಗೋಸುಂಬೆ ಸೂಟಿಗೆ ಮೂರು ನಿಯಮ: ಒಂದೇ ದೃಶ್ಯ ಮೂರು ಸಲ ಆಡಿ ನೋಡಿದ್ದು

ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ನಮ್ಮ ಭವಿಷ್ಯಲೋಕದ ರೋಲ್‌ಪ್ಲೇಯಿಂಗ್ ಆಟದಲ್ಲಿ ಎಲ್ಲರೂ ಮೊದಲು ಕೇಳುವ ಸಾಮಾನು, ಹಿನ್ನೆಲೆಗೆ ತಕ್ಕ ಹಾಗೆ ಬಣ್ಣ ಬದಲಿಸುವ ಸೂಟು. ನಾವು ಅದಕ್ಕೆ ಗೋಸುಂಬೆ ಅನ್ನುತ್ತೇವೆ. ಆಟ ನಡೆಸುವ ಗೇಮ್ ಮಾಸ್ಟರ್ ಆದ ನನ್ನ ತಲೆ ತಿಂದದ್ದೂ ಅದೇ. ಕೊನೆಗೆ ಬೇಸತ್ತು ಒಂದೇ ದೃಶ್ಯವನ್ನು ಮೂರು ಬೇರೆ ನಿಯಮಗಳಲ್ಲಿ ಆಡಿಸಿದೆ.

ದೃಶ್ಯ ಇಷ್ಟೇ. ಬಾಹ್ಯಾಕಾಶ ನಿಲ್ದಾಣದ ಗೋದಾಮು, ನಾಲ್ಕು ಜನ ಕಾವಲುಗಾರರು, ಆ ತುದಿಯಲ್ಲಿ ಒಂದು ಬಾಗಿಲು. ಯಾರಿಗೂ ಕಾಣದೆ ಬಾಗಿಲು ಮುಟ್ಟಬೇಕು. ದಾಳದ ಲೆಕ್ಕ ಟ್ರಾವೆಲರ್ ಎಂಬ ಬಾಹ್ಯಾಕಾಶದ ರೋಲ್‌ಪ್ಲೇಯಿಂಗ್ ಆಟ ಆಡಿದವರಿಗೆ ಗೊತ್ತಿರುವುದೇ: ಆರು ಮುಖದ ಎರಡು ದಾಳ, ಪಾತ್ರದ ಸ್ಕಿಲ್ (ಕೌಶಲದ ಅಂಕ) ಕೂಡಿಸಿ 8 ಅಥವಾ ಅದಕ್ಕಿಂತ ಮೇಲೆ ಬಂದರೆ ಗೆದ್ದ ಹಾಗೆ. ಸ್ಕಿಲ್ಲಿನಿಂದ ಏನೂ ಕೂಡದಿದ್ದರೆ ಗೆಲ್ಲುವ ಸಾಧ್ಯತೆ ಶೇ 42.

ಮೊದಲನೆಯದು ಹಳೇ ದಾರಿ. ಸೂಟು ತೊಟ್ಟವನ ಅಡಗುವ ರೋಲಿಗೆ (ದಾಳದ ಎಸೆತಕ್ಕೆ) +4. ಸುಲಭ, ಬೇಗ ಮುಗಿಯುತ್ತದೆ. ಆದರೆ ನಮ್ಮ ಗುಂಪಿನ ಕಳ್ಳನಿಗೆ ಮೊದಲೇ ಸ್ಕಿಲ್ +2 ಇತ್ತು. ಎರಡೂ ಸೇರಿ +6. ಎರಡು ದಾಳದಲ್ಲಿ 2ಕ್ಕಿಂತ ಕಡಿಮೆ ಬೀಳುವುದೇ ಇಲ್ಲವಲ್ಲ! "ಲೋ, ದಾಳ ಹಾಕೋದೇ ಬೇಡ್ವಲ್ಲೋ," ಎಂದು ಪಕ್ಕದವನು ನಕ್ಕ. ನಿಜವೇ. ಸ್ಕಿಲ್ ಇಲ್ಲದ ಮೆಕ್ಯಾನಿಕ್ಕನೂ ಶೇ 92ರಷ್ಟು ಸಲ ದಾಟಿಹೋಗುತ್ತಿದ್ದ. ಕಾವಲುಗಾರ ಎಚ್ಚರವಿದ್ದಾನೋ, ನಿದ್ದೆ ಮಾಡುತ್ತಿದ್ದಾನೋ, ಈ ನಿಯಮಕ್ಕೆ ಸಂಬಂಧವೇ ಇಲ್ಲ. ದೃಶ್ಯ ಹತ್ತು ನಿಮಿಷಕ್ಕೆ ಮುಗಿಯಿತು. ಯಾರಿಗೂ ಖುಷಿಯಾಗಲಿಲ್ಲ, ಕಳ್ಳನಿಗೂ.

ಎರಡನೇ ಸಲ ದಾಳವನ್ನು ನೋಡುವವನ ಕೈಗೆ ಕೊಟ್ಟೆ. ಅಡಗುವವನು ರೋಲ್ ಮಾಡುವುದಿಲ್ಲ. ಕಾವಲುಗಾರನ ಕಣ್ಣಿಗೆ ದಂಡ: ಸೂಟಿನವನು ಅಲುಗದೆ ನಿಂತರೆ -4, ನಡೆದರೆ -2, ಓಡಿದರೆ ಏನೂ ಇಲ್ಲ. ಕಾವಲುಗಾರನ ಸ್ಕಿಲ್ +1 ಅಂದುಕೊಳ್ಳಿ. ಅವನು ಪತ್ತೆ ಮಾಡುವ ಸಾಧ್ಯತೆ ನಿಂತವನಿಗೆ ಶೇ 8, ನಡೆಯುವವನಿಗೆ ಶೇ 28, ಓಡುವವನಿಗೆ ಶೇ 58. ಇಲ್ಲಿ ಆಟಕ್ಕೆ ಜೀವ ಬಂತು. "ಈಗ ನಡೀಲಾ, ನಿಲ್ಲಲಾ?" ಎನ್ನುವ ಪ್ರಶ್ನೆ ಪ್ರತಿ ಸುತ್ತಿನಲ್ಲೂ ಎದ್ದಿತು. ಕಣ್ಣುಗಳ ಲೆಕ್ಕವೂ ತಾನಾಗಿ ಬಂತು. ನಾಲ್ಕು ಜನರೂ ನೋಡುತ್ತಿರುವಾಗ ನಡೆದರೆ ಒಬ್ಬನಾದರೂ ಹಿಡಿಯುವ ಸಾಧ್ಯತೆ ಶೇ 73. ಸುಮ್ನೆ ನಿಂತರೆ ಶೇ 29. ಹಾಗಾಗಿ ಮೊದಲು ಇಬ್ಬರನ್ನು ಬೇರೆ ಕಡೆ ಎಳೆಯಬೇಕು ಎಂದು ಆಟಗಾರರೇ ಕಂಡುಕೊಂಡರು. ನಾನು ಬಾಯಿ ಬಿಡಬೇಕಾಗಲಿಲ್ಲ.

ಕಾವಲುಗಾರನ ಕೈಯಲ್ಲಿರುವ ಉಪಕರಣವೂ ಈ ನಿಯಮದಲ್ಲಿ ಲೆಕ್ಕಕ್ಕೆ ಬರುತ್ತದೆ. ಬಣ್ಣ ಬದಲಿಸುವ ಬಟ್ಟೆ ಕಣ್ಣಿಗೆ ಮಣ್ಣೆರಚಬಹುದು, ಶಾಖ ನೋಡುವ ಕನ್ನಡಕಕ್ಕಲ್ಲ. ಸುಮ್ಮನೆ ಕೂತ ಮನುಷ್ಯನೂ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತಾನೆ. ಅಂಥ ಕನ್ನಡಕ ಹಾಕಿದವನಿಗೆ ನಾನು ಕೊಟ್ಟದ್ದು ಬರೀ -1. (ಶಾಖವನ್ನೂ ಮರೆಮಾಚುವುದು ಬರೀ ಕಲ್ಪನೆಯಲ್ಲ. 2011ರಲ್ಲಿ ರಕ್ಷಣಾ ಸಾಮಗ್ರಿ ಕಂಪನಿ ಬಿಎಇ ಸಿಸ್ಟಮ್ಸ್ ಅಡಾಪ್ಟಿವ್ ಎಂಬ ಏರ್ಪಾಡನ್ನು ತೋರಿಸಿತು. ಆರು ಮೂಲೆಯ ಫಲಕಗಳು ತಮ್ಮ ಕಾವು ಬದಲಿಸಿಕೊಂಡು, ಯುದ್ಧವಾಹನವನ್ನು ಶಾಖದ ಕ್ಯಾಮೆರಾಗೆ ಕಾರಿನ ಹಾಗೆ ಕಾಣಿಸುತ್ತವೆ.) ತೊಂದರೆ ಒಂದೇ, ದಾಳ ಹಾಕಿ ಹಾಕಿ ನನ್ನ ಕೈ ಸೋತಿತು. ಹತ್ತು ಕಾವಲುಗಾರರಿದ್ದರೆ ಇದು ಆಗದ ಮಾತು.

ಮೂರನೆಯದು ಆ 100 ವ್ಯಾಟ್ ಯೋಚನೆಯಿಂದಲೇ ಹುಟ್ಟಿದ್ದು. ಶಾಖ ಹೊರಗೆ ಕಾಣಬಾರದು ಅಂದರೆ ಒಳಗೇ ಉಳಿಯಬೇಕು ತಾನೆ? ಸೂಟು ಪೂರ್ತಿ ಮರೆಮಾಡುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೆ ಪ್ರತಿ ಸುತ್ತಿಗೆ ಒಂದು ಕಾವಿನ ಬಿಲ್ಲೆ ಸೇರುತ್ತದೆ. ಓಡಿದರೆ ಎರಡು. ಮೊದಲು, ಪ್ರತಿ ಸುತ್ತಿಗೂ ಒಂದು ದಾಳ ಹಾಕಿ, ಸೇರಿದ ಬಿಲ್ಲೆಗಳ ಸಂಖ್ಯೆಗಿಂತ ಜಾಸ್ತಿ ಬರದಿದ್ದರೆ ಸೂಟು ಆರಿಹೋಗುತ್ತದೆ ಎಂದು ಮಾಡಿದ್ದೆ. ಮೂರು ಸುತ್ತು ಬಾಳುವುದೇ ಶೇ 28, ಸಿಟ್ಟು ಬರಿಸುವಷ್ಟು ಕಡಿಮೆ. ಎರಡು ದಾಳಕ್ಕೆ ಬದಲಿಸಿದೆ. ಮೊದಲ ಸುತ್ತಿಗೆ ಭಯವೇ ಇಲ್ಲ, ಐದು ಸುತ್ತು ಬಾಳುವುದು ಶೇ 54, ಆರು ಸುತ್ತು ಶೇ 31.

ಐದನೇ ಸುತ್ತಿನಲ್ಲಿ ಟೇಬಲ್ ಸುತ್ತ ಒಬ್ಬರೂ ಉಸಿರೆತ್ತಲಿಲ್ಲ. ಕಳ್ಳ ಬಾಗಿಲಿಗೆ ಎರಡು ಹೆಜ್ಜೆ ದೂರದಲ್ಲಿದ್ದ. ದಾಳ 4 ತೋರಿಸಿತು, ಸೂಟು ಆರಿತು. ಇವತ್ತಿಗೂ ಆ ದೃಶ್ಯದ ಮಾತು ಬರುತ್ತದೆ. ಆದರೆ ಬಿಲ್ಲೆ ಎಣಿಸುವುದು ಒಬ್ಬನಿಗೆ ಚೆಂದ, ನಾಲ್ಕೂ ಜನ ಸೂಟು ತೊಟ್ಟರೆ ಅಂಗಡಿ ಲೆಕ್ಕ ಬರೆದ ಹಾಗಾಗುತ್ತದೆ. ಕಾವಲುಗಾರರು ಮತ್ತೆ ಗೊಂಬೆಗಳಾಗಿಬಿಡುತ್ತಾರೆ ಎನ್ನುವುದೂ ನನಗೆ ಹಿಡಿಸಲಿಲ್ಲ.

ಈಗ ಆಡುವುದು ಎರಡನೆಯದನ್ನೇ. ಕಾವಲುಗಾರರು ಗುಂಪಾಗಿದ್ದರೆ ಎಲ್ಲರ ಪರವಾಗಿ ಒಂದೇ ರೋಲ್, +1 ಸೇರಿಸಿ. ಲೆಕ್ಕ ಅಷ್ಟು ಕರಾರುವಾಕ್ಕಲ್ಲ, ಆದರೆ ಕೈಗೆ ಬಿಡುವು. ಪೂರ್ತಿ ಮಾಯವಾಗುವ ದುಬಾರಿ ಸೂಟಿಗೆ ಮಾತ್ರ ಕಾವಿನ ಬಿಲ್ಲೆ, ಅದೂ ಗುಂಪಿಗೆ ಒಂದೇ ಸೂಟು. ಗುಂಡು ಹಾರಿಸಿದ ಸುತ್ತಿನಲ್ಲಿ ಯಾವ ಸೂಟಿಗೂ ಲಾಭವಿಲ್ಲ. ಇದೊಂದನ್ನು ಮೂರು ಸಲವೂ ಬದಲಿಸಲಿಲ್ಲ. ಕಳ್ಳ ಪ್ರತಿ ಸಲವೂ ಇದಕ್ಕೇ ಜಗಳ ತೆಗೆದ.