ಶಾರ್ಟ್ ಕಾಲ್, ಲಾಂಗ್ ಕಾಲ್, ಲೈನ್: ಮೂರನ್ನೂ ಮಾಡಿ ನೋಡಿದ ಪೈಲಟ್ ಒಬ್ಬನ ವೋಟು

ಅಮೆರಿಕದಲ್ಲಿರೋ ನಮ್ಮ ಏರ್‌ಲೈನಲ್ಲಿ ಈಗ ಎಲ್ಲಿ ಹೋದ್ರೂ ಪೈಲಟ್‌ಗಳ ಹೊಸ ಕಾಂಟ್ರ್ಯಾಕ್ಟಿನದೇ ಮಾತು. ಯೂನಿಯನ್ನು ಕಂಪನಿ ಕೂತು ಒಂದು ಕರಡು ಮಾಡಿದಾರೆ, ನಾವು ವೋಟ್ ಹಾಕ್ಬೇಕು. 2023ರಲ್ಲಿ ಡೆಲ್ಟಾ ಏರ್‌ಲೈನ್ ಪೈಲಟ್‌ಗಳಿಗೆ ನಾಲ್ಕು ವರ್ಷಕ್ಕೆ ಸುಮಾರು 34% ಸಂಬಳ ಏರಿಕೆ ಸಿಕ್ಕಿತಲ್ಲ, ಅವತ್ತಿಂದ ಎಲ್ರೂ ಅದೇ ಕೋಲಲ್ಲಿ ಅಳೀತಾರೆ, ಗಂಟೆಗೆ ಎಷ್ಟು ಡಾಲರ್ ಜಾಸ್ತಿ ಆಯ್ತು ಅಂತ. ನಾನು ಮಾತ್ರ ಮೊದ್ಲು ಓದಿದ್ದು ರಿಸರ್ವ್ ಚಾಪ್ಟರು. ರಿಸರ್ವ್ ಅಂದ್ರೆ ಗೊತ್ತಾದ ಟ್ರಿಪ್ ಇಲ್ಲದೆ, ಕಂಪನಿ ಕರೆದ್ರೆ ಹೋಗೋಕೆ ಕಾಯ್ತಾ ಇರೋದು; ಅದ್ರಲ್ಲಿ ಶಾರ್ಟ್ ಕಾಲ್, ಲಾಂಗ್ ಕಾಲ್ ಅಂತ ಎರಡು ಬಗೆ. ಲೈನ್ ಅಂದ್ರೆ ಮೊದ್ಲೇ ಗೊತ್ತಾದ ಟ್ರಿಪ್ಪುಗಳ ಕೆಲಸ. ಮೂರು ವರ್ಷದಲ್ಲಿ ಶಾರ್ಟ್ ಕಾಲ್, ಲಾಂಗ್ ಕಾಲ್, ಲೈನ್ ಮೂರರಲ್ಲೂ ಇದ್ದು ಬಂದಿದೀನಿ, ನಂಗೆ ಬೇಕಾಗಿರೋದು ಲಾಂಗ್ ಕಾಲ್.

ನನ್ನ ಸ್ಥಿತಿ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಮನೆ ಒಹಾಯೋದ ಕೊಲಂಬಸ್ಸಲ್ಲಿ, ಹೆಂಡತಿ ಕೆಲಸ ಮಗಳ ಸ್ಕೂಲು ಎಲ್ಲ ಅಲ್ಲೇ. ಬೇಸ್, ಅಂದ್ರೆ ನನ್ನ ಡ್ಯೂಟಿ ಶುರುವಾಗೋ ಊರು, ಶಿಕಾಗೋ. ಅಂದ್ರೆ ಕೆಲಸಕ್ಕೆ ಹೋಗೋಕೇ ಯಾವುದಾದ್ರೂ ವಿಮಾನದಲ್ಲಿ ಜಂಪ್‌ಸೀಟ್, ಅಂದ್ರೆ ಸಿಬ್ಬಂದಿಗೆ ಅಂತ ಇರೋ ಹೆಚ್ಚುವರಿ ಸೀಟು, ಹುಡುಕ್ಬೇಕು.

ಶಾರ್ಟ್ ಕಾಲ್ ಅಂದ್ರೆ ಫೋನ್ ಬಂದ ಎರಡು ಗಂಟೇಲಿ ಏರ್‌ಪೋರ್ಟಲ್ಲಿರ್ಬೇಕು. ಕೊಲಂಬಸ್ಸಿಂದ ಆಗೋ ಮಾತಲ್ಲ, ಅದಕ್ಕೇ ಶಿಕಾಗೋದಲ್ಲಿ ಕ್ರ್ಯಾಶ್ ಪ್ಯಾಡ್ ಅಂತ ಹಂಚ್ಕೊಂಡಿರೋ ಬಾಡಿಗೆ ಜಾಗ, ಒಂದು ಫ್ಲ್ಯಾಟಲ್ಲಿ ಆರು ಜನ, ತಿಂಗಳಿಗೆ 325 ಡಾಲರ್. ಯಾವ ಕೆಲಸ ಸಿಗುತ್ತೆ ಅನ್ನೋದು ಸೀನಿಯಾರಿಟಿ ಮೇಲೆ; ಮೊದಲ ವರ್ಷ ಅದಿಲ್ಲ, ಬೇರೆ ದಾರಿ ಇರ್ಲಿಲ್ಲ. ಒಂದು ಫೆಬ್ರವರಿ ದಿನ ಬೆಳಗ್ಗೆ 4ರಿಂದ ನನ್ನ ಶಾರ್ಟ್ ಕಾಲ್ ಶುರು. ಮಲಗೇ ಕಾಯಬಹುದು ಅಂತಾರೆ, ಆದ್ರೆ ತಲೆ ಹತ್ರ ಫೋನ್ ಇಟ್ಕೊಂಡು ಯಾರಿಗೆ ನಿದ್ದೆ ಬರುತ್ತೆ? ಫೋನ್ ಬಂದಿದ್ದು 10ರ ಮೇಲೆ. ಕಾನೂನು ಪ್ರಕಾರ ಕಾಯೋ ಹೊತ್ತು ಡ್ಯೂಟಿ ಎರಡೂ ಸೇರಿ 16 ಗಂಟೆವರೆಗೂ ಹೋಗಬಹುದು, ಅಂದ್ರೆ ರಾತ್ರಿ 8ರ ತನಕ ನಾನು ಅವರ ಕೈಲಿ. ಸಂಜೆ 7ಕ್ಕೆ ಹಿಮ ಬೀಳ್ತಿದ್ದಾಗ ಇಳೀತಾ ಇದೀವಿ, ಕಂಟ್ರೋಲರ್ ಹೇಳಿದ ಹೆಡಿಂಗನ್ನ, ಅಂದ್ರೆ ಹೋಗಬೇಕಾದ ದಿಕ್ಕನ್ನ, ಎರಡು ಸಲ ಹೇಳಿಸ್ಕೊಂಡೆ. ಏನೂ ಆಗ್ಲಿಲ್ಲ, ಆದ್ರೆ ಆವತ್ತು ಫಟೀಗ್, ಅಂದ್ರೆ ಹಾರಿಸೋಕಾಗದಷ್ಟು ಸುಸ್ತು, ಅಂತ ಹೇಳಿ ಡ್ಯೂಟಿ ಬಿಡ್ಬೇಕಿತ್ತು ನಾನು, ಆ ಹಕ್ಕು ಇತ್ತು.

ಲೈನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ನಾಲ್ಕು ತಿಂಗಳು ಹಿಡಿದಿದ್ದೆ. ಇಡೀ ತಿಂಗಳಿನ ಟ್ರಿಪ್ ಮೊದ್ಲೇ ಗೊತ್ತಿರುತ್ತೆ, ದುಡ್ಡೂ ಜಾಸ್ತಿ, ರಿಸರ್ವಲ್ಲಿ ಕರೀದಿದ್ರೂ ಕೊಡೋ ಗ್ಯಾರಂಟಿ ಸಂಬಳ 75 ಗಂಟೆಯದಾದ್ರೆ ಲೈನಲ್ಲಿ ನಾನು 86 ಮಾಡ್ದೆ. ಆದ್ರೆ ಜೂನಿಯರ್‌ಗೆ ಸಿಗೋ ಲೈನಂದ್ರೆ ಎಲ್ಲ ಶನಿವಾರ ಭಾನುವಾರ, ಎಲ್ಲ ನಾಲ್ಕು ದಿನದ ಟ್ರಿಪ್ಪು. ಯುಗಾದಿ ದಿನ ಡೆನ್ವರ್ ಹೋಟೆಲಲ್ಲಿದ್ದೆ.

ಇನ್ನು ಲಾಂಗ್ ಕಾಲ್. ನಮ್ಮಲ್ಲಿ 12 ಗಂಟೆ ಮುಂಚೆ ಹೇಳ್ಬೇಕು, ಹಾಗಾಗಿ ಮನೇಲೇ ಇರಬಹುದು. ಸೆಪ್ಟೆಂಬರಲ್ಲಿ 18 ದಿನ ರಿಸರ್ವ್, ಕರೆದಿದ್ದು ಏಳೇ ದಿನ, ಗ್ಯಾರಂಟಿ ಅದೇ 75. ಉಳಿದ ದಿನ ಮಗಳನ್ನ ನಾನೇ ಸ್ಕೂಲಿಗೆ ಬಿಟ್ಟೆ.

ಆದ್ರೆ ಇದ್ರಲ್ಲಿ ಒಂದು ಮುಳ್ಳಿದೆ, ಕನ್ವರ್ಶನ್ ಅಂತ. ನಡುವೆ 10 ಗಂಟೆ ರೆಸ್ಟ್ ಕೊಟ್ಟರೆ ಸಾಕು, ಕಂಪನಿ ನಮ್ಮನ್ನ ಲಾಂಗ್ ಕಾಲಿಂದ ಶಾರ್ಟ್ ಕಾಲಿಗೆ ತಿರುಗಿಸಬಹುದು, ಕಾನೂನಲ್ಲೇ ಅವಕಾಶ ಇದೆ. ತಿಂಗಳಿಗೆ ಎಷ್ಟು ಸಲ ಅನ್ನೋದಕ್ಕೆ ನಮ್ಮ ಈಗಿನ ಕಾಂಟ್ರ್ಯಾಕ್ಟಲ್ಲಿ ಮಿತಿಯೇ ಇಲ್ಲ. ಅಕ್ಟೋಬರಲ್ಲಿ ನಂಗೆ ಐದು ಸಲ ಮಾಡಿದ್ರು.

ಅದ್ರಲ್ಲಿ ಒಂದು ಸಂಜೆ ಶಿಕಾಗೋ ಟೈಮ್ 5:30ಕ್ಕೆ ಶೆಡ್ಯೂಲಿಂಗಿಂದ ಫೋನು, ನಾಳೆ ಬೆಳಗ್ಗೆ 5ರಿಂದ ಶಾರ್ಟ್ ಕಾಲ್. ನಮ್ಮನೇಲಿ ಆಗ್ಲೇ 6:30, ಕೊಲಂಬಸ್ ಒಂದು ಗಂಟೆ ಮುಂದೆ. ತಟ್ಟೆ ಬಿಟ್ಟು ಎದ್ದು ಏರ್‌ಪೋರ್ಟಿಗೆ ಓಡಿದೆ, ಎರಡು ವಿಮಾನದಲ್ಲೂ ಜಂಪ್‌ಸೀಟ್ ಬೇರೆಯವರ ಪಾಲಾಯ್ತು, ಕೊನೆಗೆ ಕಾರ್ ತೆಗೆದು ಇಂಡಿಯಾನಾಪೊಲಿಸ್ ಮೇಲೆ ಹೋದೆ, ಆರು ಗಂಟೆ ದಾರಿ. ಕ್ರ್ಯಾಶ್ ಪ್ಯಾಡ್ ಮುಟ್ಟಿದಾಗ ರಾತ್ರಿ 1:30. ಕಾಗದದ ಮೇಲೆ ಅದೆಲ್ಲ ನನ್ನ ರೆಸ್ಟ್! ಮಾರನೇ ದಿನ ಫೋನ್ ಬರಲೇ ಇಲ್ಲ.

2009ರ ಫೆಬ್ರವರಿ 12ಕ್ಕೆ ಅಮೆರಿಕದ ಬಫಲೋ ಹತ್ರ ಕೋಲ್ಗನ್ ಏರ್ ಕಂಪನಿಯ 3407 ನಂಬರಿನ ವಿಮಾನ ಬಿದ್ದು 50 ಜನ ಸತ್ತರು. ಅದರ ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್, ಹಿಂದಿನ ರಾತ್ರಿ ಸಿಯಾಟಲ್ಲಿಂದ ವಿಮಾನದಲ್ಲೇ ಪ್ರಯಾಣ ಮಾಡಿ ನ್ಯೂವಾರ್ಕಿಗೆ ಡ್ಯೂಟಿಗೆ ಬಂದಿದ್ದರು. ಆ ಅಪಘಾತ ಆದ್ಮೇಲೆ ತಂದ ರೆಸ್ಟ್ ನಿಯಮವೇ 2014ರ ಜನವರಿಯಿಂದ ನಡೀತಿರೋದು, ಅದ್ರಲ್ಲೂ ಕಮ್ಯೂಟ್, ಅಂದ್ರೆ ಮನೆಯಿಂದ ಬೇಸಿಗೆ ಹೋಗೋ ಹೊತ್ತನ್ನ ಡ್ಯೂಟಿ ಅಂತ ಲೆಕ್ಕಕ್ಕೆ ತಗೊಳಲ್ಲ. ಆ ರಾತ್ರಿ ಕಾರ್ ಓಡಿಸ್ತಾ ದಾರಿ ಉದ್ದಕ್ಕೂ ಇದೇ ತಲೇಲಿತ್ತು.

ಬೆಂಗಳೂರಲ್ಲಿ ಹಾರಿಸೋ ಗೆಳೆಯನಿಗೆ ಹೇಳಿದಾಗ ನಂಬ್ಲೇ ಇಲ್ಲ. ಅವನಿಗೆ 2025ರ ಜುಲೈಯಿಂದ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಲ್ಲೇ ವಾರಕ್ಕೆ 48 ಗಂಟೆ ರೆಸ್ಟು. ಇಲ್ಲಿ ಕಾನೂನು ಕೊಡೋದು 168 ಗಂಟೇಲಿ, ಅಂದ್ರೆ ಒಂದು ವಾರದಲ್ಲಿ, 30. ಅದಕ್ಕಿಂತ ಜಾಸ್ತಿ ಏನು ಬೇಕಾದ್ರೂ ಕಾಂಟ್ರ್ಯಾಕ್ಟಲ್ಲೇ ಬರೆಸ್ಕೋಬೇಕು.

ಹೊಸ ಕರಡಲ್ಲಿ ಕನ್ವರ್ಶನ್ ತಿಂಗಳಿಗೆ ಎರಡೇ ಸಲ, ನೋಟಿಸ್ 14 ಗಂಟೆ, ರಿಸರ್ವಲ್ಲಿ ಅರ್ಧದಷ್ಟಾದ್ರೂ ಲಾಂಗ್ ಕಾಲ್ ಇರ್ಬೇಕು ಅಂತಿದೆ. ರೇಟ್ ಮಾತ್ರ ನಾವಂದ್ಕೊಂಡಷ್ಟು ಏರಿಲ್ಲ. ಏರ್‌ಪೋರ್ಟಿಂದ ಇಪ್ಪತ್ತು ನಿಮಿಷ ದೂರದಲ್ಲಿರೋ ಒಬ್ಬ ಕ್ಯಾಪ್ಟನ್ ನಂಗೆ ನೇರವಾಗೇ ಹೇಳಿದ್ರು, ದೂರ ಇರೋದು ನಿನ್ನ ಆಯ್ಕೆ, ಅದಕ್ಕೆ ನಮ್ಮ ರೇಟ್ ಯಾಕೆ ಬಿಡ್ಬೇಕು ಅಂತ. ಅವರ ಜಾಗದಲ್ಲಿ ನಿಂತು ನೋಡಿದ್ರೆ ಸರಿನೇ, ಅವರಿಗೆ ಶಾರ್ಟ್ ಕಾಲಂದ್ರೆ ಮನೇಲಿ ಕೂತ ಹಾಗೇ. ಆದ್ರೆ ರಾತ್ರಿಯೆಲ್ಲ ಕಾರ್ ಓಡಿಸಿ ಬಂದ ನಾನು ಕೂರೋದು ಅವರ ಪಕ್ಕದ ಸೀಟಲ್ಲೇ ಅಂತ ನಾನೂ ಹೇಳ್ದೆ, ಸ್ವಲ್ಪ ಹೊತ್ತು ಸುಮ್ನಾದ್ರು, ಆಮೇಲೆ ರಿಸರ್ವ್ ಚಾಪ್ಟರ್ ಇನ್ನೂ ಓದಿಲ್ಲ, ಓದ್ತೀನಿ ಅಂದ್ರು.

ಇನ್ನೂ ಹೆಚ್ಚು ಗಂಟೆ ಹಾರಿಸಿ ಮನೆ ಸಾಲ ಬೇಗ ತೀರಿಸ್ಬೇಕು ಅನ್ನೋರು ಲೈನ್ ಹಿಡೀಲಿ, ಶಿಕಾಗೋದಲ್ಲೇ ಮನೆ ಇರೋರಿಗೆ ಶಾರ್ಟ್ ಕಾಲ್ ಏನೂ ತೊಂದರೆ ಇಲ್ಲ. ನಂದು ಯೆಸ್ ವೋಟು. ಮುಂದಿನ ತಿಂಗಳ ಬಿಡ್ಡಲ್ಲೂ, ಅಂದ್ರೆ ಯಾವ ಕೆಲಸ ಬೇಕು ಅಂತ ಕೊಡೋ ಪಟ್ಟೀಲೂ, ಲಾಂಗ್ ಕಾಲನ್ನೇ ಮೊದ್ಲು ಹಾಕಿದೀನಿ, ಕ್ರ್ಯಾಶ್ ಪ್ಯಾಡ್ ಬಿಡೋದು ಮಾತ್ರ ವೋಟ್ ಎಣಿಕೆ ಆದ್ಮೇಲೆ.