ಮನೆ ಬಾಗಿಲಿಗೆ ಬರುವ ಅಂಚೆ ಬ್ಯಾಂಕು: ಒಂಟಿಮನೆಯ ಹಿರಿಯರಿಗೆ ಎಷ್ಟು ಆಸರೆ?

ಮಲೆನಾಡಿನ ಒಂಟಿಮನೆಗಳಲ್ಲಿ ಈ ಮಾತು ಏಳುವುದು ಮಳೆಗಾಲ ಹಿಡಿಯುವ ಮುಂಚೆ. ‘ಸಾಕು, ಇಲ್ಲಿಗೇ ಬಂದುಬಿಡಿ’ ಎಂದು ಬೆಂಗಳೂರಿನಿಂದ ಮಕ್ಕಳು ಫೋನ್ ಮಾಡುತ್ತಾರೆ. ‘ತೋಟ ಯಾರು ನೋಡ್ತಾರೋ, ಈ ಸಲದ ಕೊನೆಕೊಯ್ಲು ಮುಗೀಲಿ’ ಎಂದು ಎಪ್ಪತ್ತು ದಾಟಿದ ಅಪ್ಪ ಅಮ್ಮ ಮುಂದೂಡುತ್ತಾರೆ. ರಾತ್ರಿ ಎದೆನೋವು ಬಂದರೆ ಏನು ಗತಿ ಎಂಬ ಭಯ ಎಲ್ಲರಿಗೂ ಇರುವುದೇ. ಆದರೆ ಅದಕ್ಕೂ ಮೊದಲು, ತಿಂಗಳು ತಿಂಗಳೂ ಅವರನ್ನು ಸೋಲಿಸುವುದು ಪೇಟೆಗೆ ಹೋಗಿ ದುಡ್ಡು ತರುವ ಕೆಲಸ. ಹೊಸನಗರ, ಸಿದ್ದಾಪುರ, ತೀರ್ಥಹಳ್ಳಿ ಸೀಮೆಯ ಒಳಹಳ್ಳಿಗಳಲ್ಲಿ ಬಸ್ಸಿನ ಹೊತ್ತಿಗೆ ಹೋಗಿ ಬಸ್ಸಿನ ಹೊತ್ತಿಗೇ ಮರಳಬೇಕು; ಮಂಡಿನೋವಿನವರಿಗೆ ಬ್ಯಾಂಕೆಂದರೆ ಒಂದು ಪೂರ್ತಿ ದಿನ, ಇಲ್ಲವೇ ಆಟೋ ಬಾಡಿಗೆ.

ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮನೆಬಾಗಿಲ ಸೇವೆಯನ್ನು ಅಳೆಯಬೇಕಾದದ್ದು ಈ ಒಂದು ದಿನದ ಲೆಕ್ಕದಲ್ಲಿ. 2018ರ ಸೆಪ್ಟೆಂಬರ್ 1ರಂದು ಶುರುವಾದ ಈ ಬ್ಯಾಂಕಿಗೆ ಹಳ್ಳಿಯಲ್ಲಿ ಬೇರೆ ಕಟ್ಟಡವಿಲ್ಲ. ಶಾಖಾ ಅಂಚೆ ಕಚೇರಿಯೇ ಕೌಂಟರು, ಕಾಗದ ತರುವ ಅಂಚೆಯಣ್ಣನೇ ಕ್ಯಾಷಿಯರು. ಅವರ ಕೈಯಲ್ಲಿ ಒಂದು ಫೋನು, ಒಂದು ಬೆರಳಚ್ಚು ಯಂತ್ರ.

ಬಹಳ ಜನ ತಪ್ಪು ತಿಳಿದಿರುವ ಸಂಗತಿಯೊಂದಿದೆ. ದುಡ್ಡು ತೆಗೆಯಲು ಈ ಬ್ಯಾಂಕಿನಲ್ಲೇ ಖಾತೆ ಇರಬೇಕೆಂದಿಲ್ಲ. ಪೇಟೆಯ ಯಾವ ಬ್ಯಾಂಕಿನಲ್ಲಿ ಪಿಂಚಣಿ ಬೀಳುತ್ತದೋ ಆ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಸಾಕು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಹೇಳಿ ಬೆರಳು ಒತ್ತಿದರೆ ಒಂದು ಸಲಕ್ಕೆ ₹10,000ದವರೆಗೆ ಸಿಗುತ್ತದೆ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ, ಆಧಾರಿಗೆ ಮುಖ್ಯ ಎಂದು ಗುರುತಾದ ಖಾತೆಯಿಂದ ಮಾತ್ರ ಹಣ ಹೋಗುತ್ತದೆ. ‘ಖಾತೆಯಲ್ಲಿ ದುಡ್ಡಿದೆ, ಯಂತ್ರ ಇಲ್ಲ ಅನ್ನುತ್ತೆ’ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಹೊಸ ಖಾತೆ ತೆರೆಯುವುದಾದರೆ ಆಧಾರ್, ಮೊಬೈಲ್, ಪ್ಯಾನ್ ಇಟ್ಟುಕೊಂಡರೆ ಮನೆಯಲ್ಲೇ ಆಗುತ್ತದೆ. ಪ್ಯಾನ್ ಇಲ್ಲದವರು ಅದರ ಬದಲು ಒಂದು ಘೋಷಣಾ ಪತ್ರ ತುಂಬಿಕೊಡಬೇಕು. ದಿನದ ಕೊನೆಗೆ ₹2 ಲಕ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಅಡಿಕೆ ಮಾರಿದ ಹಣ ಇಲ್ಲಿ ಬೀಳುವ ಮನೆಯವರು ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು ಇದಕ್ಕೆ ಜೋಡಿಸಿಕೊಳ್ಳಬೇಕು. ಮಿಕ್ಕಿದ್ದು ತಾನಾಗಿ ಅಲ್ಲಿಗೆ ಹೋಗುತ್ತದೆ.

ಖಾತೆ ತೆರೆಯುವಾಗ ಒಂದು ಕಡೆ ತುಂಬ ಎಚ್ಚರ ಬೇಕು. ಸರ್ಕಾರದ ನೇರ ಹಣ ಈ ಖಾತೆಗೆ ಬರಲಿ ಎಂಬ ಒಪ್ಪಿಗೆಗೆ ಸುಮ್ಮನೆ ಹೂಂ ಎಂದರೆ ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿಯಂಥ ಹಣ ಹಳೆಯ ಬ್ಯಾಂಕು ಬಿಟ್ಟು ಇಲ್ಲಿಗೆ ಬರತೊಡಗುತ್ತದೆ. ಸರ್ಕಾರಿ ಹಣಕ್ಕೆಂದು ಆಧಾರ್ ಕೊನೆಗೆ ಯಾವ ಖಾತೆಗೆ ಗುರುತಾಗಿದೆಯೋ (ಮ್ಯಾಪ್) ಅಲ್ಲಿಗೇ ದುಡ್ಡು ಹೋಗುವುದು. ಅಮ್ಮ ಹಳೆಯ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆಯುತ್ತಾರೆ, ದುಡ್ಡು ಮಾತ್ರ ಇಲ್ಲಿ ಕೂತಿರುತ್ತದೆ. ಹಣ ಎಲ್ಲಿಗೆ ಬರಬೇಕೆಂದು ಮೊದಲೇ ಯೋಚಿಸಿ ಒಪ್ಪಿಗೆ ಕೊಡಿ.

ಇನ್ನು ಬೆರಳಚ್ಚು. ಈ ಸೇವೆ ಹೆಚ್ಚಾಗಿ ಕೈಕೊಡುವುದೇ ಇಲ್ಲಿ. ವರ್ಷಗಟ್ಟಲೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಬೆರಳುಗಳ ಗೆರೆ ಸವೆದಿರುತ್ತದೆ, ಚೊಗರು ಹಿಡಿದಿರುತ್ತದೆ, ಚಳಿಗಾಲದಲ್ಲಿ ಒಡೆದೂ ಇರುತ್ತದೆ. ಎಲ್ಲರೂ ರೂಢಿಯಂತೆ ಬಲಗೈ ಹೆಬ್ಬೆಟ್ಟು ಒತ್ತುತ್ತಾರೆ, ಹೆಚ್ಚು ಸವೆದಿರುವುದೂ ಅದೇ. ಆಧಾರಿನಲ್ಲಿ ಹತ್ತೂ ಬೆರಳು ದಾಖಲಾಗಿವೆ. ಎಡಗೈಯ ನಡುಬೆರಳು, ಉಂಗುರಬೆರಳು ಕೊಟ್ಟು ನೋಡಿ. ಬಿಸಿನೀರಲ್ಲಿ ಕೈ ತೊಳೆದು, ಪೂರ್ತಿ ಒರೆಸಿ, ಬೆರಳನ್ನು ಚಪ್ಪಟೆಯಾಗಿ ಇಡಬೇಕು. ಗಟ್ಟಿಯಾಗಿ ಅದುಮಿದರೆ ಗೆರೆಗಳು ಕೂಡಿಕೊಳ್ಳುತ್ತವೆ. ಒಮ್ಮೆ ಬಂದ ಬೆರಳು ಯಾವುದೆಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಮುಂದಿನ ತಿಂಗಳು ಅಂಚೆಯಣ್ಣನ ಹೊತ್ತೂ ಉಳಿಯುತ್ತದೆ. ಯಾವುದೂ ಬರದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಹೊಸದಾಗಿ ಕೊಡಬೇಕು. ಮಕ್ಕಳು ಊರಿಗೆ ಬಂದಾಗ, ಕಾರಿರುವ ದಿನವೇ ಆ ಕೆಲಸ ಮುಗಿಸಿ.

ಇನ್ನೊಂದು ತೊಡಕನ್ನು ಮಕ್ಕಳೇ ಪ್ರೀತಿಯಿಂದ ತಂದಿಡುತ್ತಾರೆ. ವಂಚನೆಯ ಸುದ್ದಿ ಓದಿ ಅಪ್ಪನ ಆಧಾರ್ ಬಯೋಮೆಟ್ರಿಕ್ಕನ್ನು ಬೆಂಗಳೂರಿನಿಂದಲೇ ಲಾಕ್ ಮಾಡಿರುತ್ತಾರೆ. ಲಾಕ್ ಮಾಡುವುದು ಒಳ್ಳೆಯದೇ. ಆದರೆ ಅಂಚೆಯಣ್ಣ ಬರುವ ದಿನ ಅದನ್ನು ತಾತ್ಕಾಲಿಕವಾಗಿ ತೆಗೆಯಬೇಕು, ಅದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಆ ನಂಬರು ಎಂದೋ ಬಿಟ್ಟ ಸಿಮ್ಮಿನದಾಗಿದ್ದರೆ ಎಲ್ಲವೂ ನಿಂತಿತು.

ಖರ್ಚಿನ ಮಾತಿಗೆ ಬಂದರೆ, 2022ರ ಆಗಸ್ಟ್‌ನಿಂದ ಮನೆಬಾಗಿಲ ಸೇವೆಗೆ ಒಂದು ಸಲಕ್ಕೆ ₹20, ಅದರ ಮೇಲೆ ಜಿಎಸ್‌ಟಿ. ಆಟೋ ಬಾಡಿಗೆಯ ಮುಂದೆ ಇದು ಏನೂ ಅಲ್ಲ. ಆದರೆ ಹೇಳದೆ ಕೇಳದೆ ಅಂಚೆಯಣ್ಣನನ್ನು ನಿಲ್ಲಿಸಿ ಐದು ಸಾವಿರ ಕೇಳಿದರೆ ಅವರ ಚೀಲದಲ್ಲಿ ಅಷ್ಟು ಇರುವುದಿಲ್ಲ. ಶಾಖಾ ಕಚೇರಿಯಲ್ಲಿ ಇಡುವ ನಗದೇ ಕಡಿಮೆ, ಮೇಲಿನ ಕಚೇರಿಯಿಂದ ತರಿಸಬೇಕು. ಒಂದೆರಡು ದಿನ ಮೊದಲೇ ಹೇಳಿಡಿ. ಶಾಖಾ ಕಚೇರಿ ತೆರೆದಿರುವುದೇ ನಾಲ್ಕೈದು ಗಂಟೆ ಎಂಬುದೂ ನೆನಪಿರಲಿ.

ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ನಿಂತರೆ ಯಂತ್ರವೂ ನಿಲ್ಲುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತಿಂಗಳ ಖರ್ಚಿನ ನಗದು ಮನೆಯಲ್ಲಿ ಇರಲೇಬೇಕು. ನೆಟ್‌ವರ್ಕ್ ನಡುವೆ ಕಡಿದು, ಖಾತೆಯಿಂದ ಹಣ ಹೋಗಿ ಕೈಗೆ ಬಾರದಿದ್ದರೆ ಗಾಬರಿಯಾಗಿ ಮತ್ತೆ ಬೆರಳು ಒತ್ತಬೇಡಿ. ಯಂತ್ರದವರಿಂದ ವ್ಯವಹಾರ ಸಂಖ್ಯೆ ಬರೆಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಇಂಥ ಹಣ ವ್ಯವಹಾರದ ದಿನದಿಂದ 5 ದಿನದೊಳಗೆ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು.

ನಮ್ಮ ದೃಷ್ಟಿಯಲ್ಲಿ ಈ ಸೇವೆಯ ಅತ್ಯುತ್ತಮ ಭಾಗ ನವೆಂಬರಿನ ಜೀವಂತ ಪ್ರಮಾಣಪತ್ರ, ಅಂದರೆ ಪಿಂಚಣಿದಾರರು ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಕೊಡುವ ಪುರಾವೆ. ₹70ಕ್ಕೆ ಜಗಲಿಯ ಮೇಲೆ ಕೂತಲ್ಲೇ ಆಗುತ್ತದೆ. ಭವಿಷ್ಯನಿಧಿಯ ಪಿಂಚಣಿ (ಇಪಿಎಸ್-95) ಪಡೆಯುವವರ ಪಾಲಿನ ಈ ಶುಲ್ಕವನ್ನು ಭವಿಷ್ಯನಿಧಿ ಸಂಸ್ಥೆಯಾದ ಇಪಿಎಫ್‌ಒ ತಾನೇ ಭರಿಸುವ ಒಪ್ಪಂದ 2025ರ ನವೆಂಬರಿನಲ್ಲಿ ಆಗಿದೆ. ಪಿಂಚಣಿ ಪಾವತಿ ಆದೇಶದ (ಪಿಪಿಒ) ಸಂಖ್ಯೆ, ಪಿಂಚಣಿ ಖಾತೆಯ ಸಂಖ್ಯೆ, ಆಧಾರ್, ಮೊಬೈಲ್ ಮುಂದಿಟ್ಟುಕೊಂಡಿರಿ. ಪಿಪಿಒದಲ್ಲಿ ಒಂದು ಅಂಕಿ ತಪ್ಪಿದರೂ ಪ್ರಮಾಣಪತ್ರದ ಗುರುತು ಸಂಖ್ಯೆ (ಪ್ರಮಾಣ್ ಐಡಿ) ಬರಬಹುದು, ಆದರೆ ಪಿಂಚಣಿ ಕೊಡುವವರು ತಿರಸ್ಕರಿಸುತ್ತಾರೆ. ಎಸ್ಸೆಮ್ಮೆಸ್ ಬಂದಿತೆಂದು ನಿಶ್ಚಿಂತರಾಗದೆ ಕೆಲವು ದಿನ ಬಿಟ್ಟು ಜೀವನ್ ಪ್ರಮಾಣ್ ಜಾಲತಾಣದಲ್ಲಿ ಸ್ವೀಕೃತವಾಗಿದೆಯೇ ಎಂದು ನೋಡಿ. ತಮ್ಮದೇ ಪಿಂಚಣಿಯ ಜೊತೆಗೆ ಗಂಡನ ಕುಟುಂಬ ಪಿಂಚಣಿಯನ್ನೂ ಪಡೆಯುವ ಅಮ್ಮಂದಿರಿಗೆ ಎರಡು ಪಿಪಿಒಗೆ ಎರಡು ಪ್ರತ್ಯೇಕ ಪ್ರಮಾಣಪತ್ರ ಬೇಕು. ಎರಡನ್ನೂ ಅದೇ ದಿನ ಮಾಡಿಸಿಬಿಡಿ. ಎರಡನೆಯದು ಮರೆಯುವುದು ತೀರಾ ಸಾಮಾನ್ಯ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು.

ಬೆರಳು ಬರದವರಿಗೆ ಮುಖ ತೋರಿಸಿ ಮಾಡುವ ದಾರಿಯೂ ಇದೆ. ಊರಿಗೆ ಬಂದ ಮಕ್ಕಳು ತಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಆಧಾರ್ ಫೇಸ್ ಆರ್‌ಡಿ, ಜೀವನ್ ಪ್ರಮಾಣ್ ಫೇಸ್ ಆ್ಯಪ್ ಎರಡನ್ನೂ ಹಾಕಿ, ಮೊದಲು ತಮ್ಮ ಮುಖ ದೃಢಪಡಿಸಿ, ಆಮೇಲೆ ಅಪ್ಪನದು ತೆಗೆಯಬೇಕು. ಹಳೆಮನೆಯ ನಡುಮನೆ ಕತ್ತಲು. ಜಗಲಿಯಲ್ಲಿ ಅಂಗಳದ ಕಡೆ ಮುಖ ಮಾಡಿ ಕೂರಿಸಿ, ಬೆಳಕು ಬೆನ್ನ ಹಿಂದೆ ಬೀಳಬಾರದು. ಕಣ್ಣು ಮಿಟುಕಿಸಲು ಹೇಳಿ.

ಇಷ್ಟೆಲ್ಲ ಇದ್ದರೂ ಕಾಯಿಲೆಯ ಭಾರವನ್ನು ಈ ಸೇವೆ ಹೊರಲಾರದು. ತಿಂಗಳ ಮಾತ್ರೆಗಳು ಸ್ಪೀಡ್ ಪೋಸ್ಟಿನಲ್ಲಿ ಬರುತ್ತವೆ, ತಣ್ಣಗಿಡಬೇಕಾದ ಇನ್ಸುಲಿನ್ ಹಾಗೆ ಬರಲಾಗದು. ಕಾಲುಸಂಕದ ಆಚೆ ಇರುವ ಮನೆಯ ಅಂಗಳಕ್ಕೆ 108ರ ವಾಹನ ಬರಲಾರದು. ಅಂಥ ಮನೆಯಲ್ಲಿ ಒಬ್ಬರೇ ಇದ್ದು, ಹಿಂದಿನ ವರ್ಷ ಒಮ್ಮೆ ಬಿದ್ದವರಾಗಿದ್ದರೆ, ಅಂಚೆಯಣ್ಣ ಬರುತ್ತಾರೆಂಬ ಧೈರ್ಯದ ಮೇಲೆ ಅವರನ್ನು ಅಲ್ಲಿ ಬಿಡುವುದು ಸರಿಯಲ್ಲ.

ಇಬ್ಬರೂ ಇದ್ದು, ನಡೆದಾಡುವಷ್ಟು ಗಟ್ಟಿಯಿದ್ದರೆ ಮಾತು ಬೇರೆ. ಆಗಲೂ ಪೂರ್ತಿ ಇರುವುದು, ಪೂರ್ತಿ ಹೋಗುವುದು ಎಂದು ಎರಡೇ ದಾರಿ ಇಟ್ಟುಕೊಳ್ಳಬೇಕಿಲ್ಲ. ಮಳೆಗಾಲಕ್ಕೆ ಮಕ್ಕಳ ಮನೆ, ಕೊಯ್ಲಿನ ಹೊತ್ತಿಗೆ ಊರು ಎಂದು ನಡೆಸುವವರಿಗೆ ಈ ಬ್ಯಾಂಕು ಬಹಳ ಒದಗುತ್ತದೆ, ಯಾಕೆಂದರೆ ಬೆರಳೊತ್ತಿ ಹಣ ತೆಗೆಯುವುದೂ ಜೀವಂತ ಪ್ರಮಾಣಪತ್ರವೂ ದೇಶದ ಯಾವ ಅಂಚೆ ಕಚೇರಿಯಲ್ಲಾದರೂ ನಡೆಯುತ್ತವೆ. ಪಿಂಚಣಿಯ ಖಾತೆ ಬೆಂಗಳೂರಿಗೆ ವರ್ಗಾಯಿಸಬೇಕಿಲ್ಲ. ಹೊರಡುವಾಗ ಪಿಪಿಒ ನಕಲು, ಪಾಸ್‌ಬುಕ್ಕು, ಆಧಾರ್ ಕಾರ್ಡು, ಅದಕ್ಕೆ ಜೋಡಿಸಿದ ಸಿಮ್ಮು ಚೀಲಕ್ಕೆ ಹಾಕಿಕೊಂಡರೆ ಸಾಕು.